ಓದುಗರ ಸ್ಪಂದನ: ಬಿಲ್ಲಿನ ಮುಂದೆ ಕೊಡಲಿ ಮಂಕಾದಾಗ

ಓದುಗರೊಬ್ಬರ ಸಮಸ್ಯೆ ಹೀಗಿತ್ತು: 'ನಮ್ಮ ಗುಂಪಿನಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ದಾಳ ಉರುಳಿಸಿ, ಒಬ್ಬೊಬ್ಬರು ಒಂದು ಪಾತ್ರವಾಗಿ ಆಡುವ ಆಟ) ನಡೆಸುವುದು ನಾನೇ. 2014ರ ನಿಯಮಗಳನ್ನೇ ಬಳಸುತ್ತೇವೆ. ಮೂರನೇ ಲೆವೆಲ್‌ನಲ್ಲಿದ್ದೇವೆ. ಬಿಲ್ಲುಗಾರ್ತಿ ದೂರದಲ್ಲಿ ನಿಂತೇ ಎಲ್ಲರನ್ನೂ ಮುಗಿಸಿಬಿಡುತ್ತಾಳೆ. ಕೊಡಲಿ ಹಿಡಿದು ನುಗ್ಗುವ ಬಾರ್ಬೇರಿಯನ್ ಪಾತ್ರ ಆಡುವ ಗೆಳೆಯ ಓಡಿ ತಲುಪುವಷ್ಟರಲ್ಲಿ ಹೊಡೆಯಲು ಯಾರೂ ಉಳಿದಿರುವುದಿಲ್ಲ. ಅವನು ಆಟ ಬಿಡುವ ಮಾತಾಡುತ್ತಿದ್ದಾನೆ. ಬಿಲ್ಲಿನ ಡ್ಯಾಮೇಜ್ ಕಡಿಮೆ ಮಾಡಲೇ?'

ಬಂದ ಉತ್ತರಗಳಲ್ಲಿ ಕೆಲವು:

ದಯವಿಟ್ಟು ಬಿಲ್ಲಿಗೆ ಕೈ ಹಾಕಬೇಡಿ. ಮೊದಲು ನಿಮ್ಮ ಮ್ಯಾಪ್ ನೋಡಿ. ಯುದ್ಧ ಶುರುವಾಗುವಾಗ ಎರಡು ಕಡೆಯವರ ನಡುವೆ ಎಷ್ಟು ಅಂತರ ಇರುತ್ತೆ? ನನ್ನ ಪ್ರಕಾರ ಗಂಟು ಇರುವುದೇ ಅಲ್ಲಿ.

ಬಯಲು ಜಾಗ, ಶತ್ರುಗಳು 120 ಅಡಿ ದೂರದಲ್ಲಿ ನಿಂತಿದ್ದಾರೆ ಅಂದುಕೊಳ್ಳಿ. ಲಾಂಗ್‌ಬೋಗೆ 150 ಅಡಿವರೆಗೆ ಯಾವ ಅಡ್ಡಿಯೂ ಇಲ್ಲ. ಮೊದಲ ಸುತ್ತಿನಿಂದಲೇ ಬಾಣ ಹೊರಡುತ್ತದೆ. ನಿಮ್ಮ ಬಾರ್ಬೇರಿಯನ್ ನಡೆಯುವುದು 30 ಅಡಿ, ದಾಳಿ ಬಿಟ್ಟು ಬರೀ ಓಡಿದರೆ, ಅಂದರೆ ಡ್ಯಾಶ್ ಮಾಡಿದರೆ 60. ಎರಡು ಸುತ್ತು ಬರೀ ಓಟ. ಕೊಡಲಿ ಬೀಸುವುದು ಮೂರನೇ ಸುತ್ತಿನಲ್ಲಿ. ಇನ್ನೂ ಕೆಟ್ಟದ್ದು ರೇಜ್, ಅಂದರೆ ಬಾರ್ಬೇರಿಯನ್‌ಗೆ ಬಲ ಕೊಡುವ ಆವೇಶದ ಕಥೆ. ಈ ನಿಯಮಗಳಲ್ಲಿ ಒಂದು ಸರದಿಯಿಂದ ಇನ್ನೊಂದರೊಳಗೆ ಅವನು ಶತ್ರುವಿನ ಮೇಲೆ ದಾಳಿ ಮಾಡಿರಬೇಕು, ಇಲ್ಲವೇ ತಾನೇ ಏಟು ತಿಂದಿರಬೇಕು. ಎರಡೂ ಆಗದಿದ್ದರೆ ರೇಜ್ ಇಳಿದುಹೋಗುತ್ತದೆ. ಹುಮ್ಮಸ್ಸಿನಲ್ಲಿ ಮೊದಲ ಸುತ್ತಿಗೇ ರೇಜ್ ಹಚ್ಚಿಕೊಂಡು ಓಡಿದರೆ, ತಲುಪುವಾಗ ಅದು ಇರುವುದೇ ಇಲ್ಲ. ಮೂರನೇ ಲೆವೆಲ್‌ನಲ್ಲಿ ಲಾಂಗ್ ರೆಸ್ಟ್‌ವರೆಗೆ (ಪಾತ್ರಗಳ ಪೂರ್ತಿ ವಿಶ್ರಾಂತಿವರೆಗೆ) ಸಿಗುವುದೇ ಮೂರು ರೇಜ್. ಅದರಲ್ಲಿ ಒಂದು ಸುಮ್ನೆ ಹೋಯ್ತು. ನಿಮ್ಮ ಗೆಳೆಯನ ಬೇಜಾರು ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಈಗ ಅದೇ ಶತ್ರುಗಳನ್ನು ಕಂಬಗಳಿರುವ ಹಾಳು ಮಂಟಪಕ್ಕೆ ತನ್ನಿ. ಅಂತರ 30 ಅಡಿ ಇರಲಿ. ಇಬ್ಬರು ಪಕ್ಕದ ಬಾಗಿಲಿನಿಂದ ನುಗ್ಗಲಿ. ಶತ್ರು 5 ಅಡಿ ಒಳಗೆ ಬಂದು ನಿಂತರೆ ಬಿಲ್ಲುಗಾರ್ತಿ ಡಿಸ್‌ಅಡ್ವಾಂಟೇಜ್‌ನಲ್ಲೇ (ದಾಳ ಎರಡು ಸಲ ಉರುಳಿಸಿ ಕಡಿಮೆ ಬಂದದ್ದನ್ನೇ ಹಿಡಿಯುವುದು) ಬಾಣ ಬಿಡಬೇಕು. ಕತ್ತಲಿದ್ದರೆ ಇನ್ನೂ ಒಳ್ಳೆಯದು. ಕತ್ತಲಲ್ಲಿ ಕಾಣುವ ಶಕ್ತಿ, ಅಂದರೆ ಸಾಮಾನ್ಯ ಡಾರ್ಕ್‌ವಿಷನ್ ಇರುವುದು 60 ಅಡಿ ಮಾತ್ರ, ಕಾಣದ ದೂರಕ್ಕೆ 150 ಅಡಿ ಬಿಲ್ಲು ಏನು ಮಾಡೀತು? ಹಾಗಂತ ಬಯಲನ್ನು ಪೂರ್ತಿ ಬಿಡಬೇಡಿ. ಅವಳು ಬಿಲ್ಲು ಆರಿಸಿಕೊಂಡಿದ್ದು ಅಂಥ ದಿನಕ್ಕಾಗಿಯೇ ಅಲ್ವಾ.
— ಬಹುಕಾಲದಿಂದ ಆಟ ನಡೆಸುತ್ತಿರುವ ಓದುಗ

ಒಂದು ನಿಯಮವನ್ನು ನೀವು ಮರೆತಿರಬಹುದು. ಬಿಲ್ಲುಗಾರ್ತಿಗೂ ಗುರಿಗೂ ನಡುವೆ ಯಾರಾದರೂ ನಿಂತಿದ್ದರೆ, ಅವನು ಸ್ವಂತ ತಂಡದವನೇ ಆಗಿರಲಿ, ಗುರಿಗೆ ಅರ್ಧ ಕವರ್ (ಮರೆ) ಸಿಗುತ್ತದೆ. ಅಂದರೆ ಎಸಿಗೆ (ಏಟು ತಗುಲಲು ದಾಳಿಯ ಅಂಕ ಮುಟ್ಟಬೇಕಾದ ಮಟ್ಟ) 2 ಜಾಸ್ತಿ. ಮುಕ್ಕಾಲು ಕವರ್ ಆದರೆ 5. ತುಂಬಾ ಗುಂಪುಗಳಲ್ಲಿ ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಆಮೇಲೆ ಬಿಲ್ಲು ಜಾಸ್ತಿ ಆಯ್ತು ಅಂತ ದೂರು. ನೆಲಕ್ಕೆ ಬಿದ್ದು ಮಲಗಿದ ಶತ್ರುವಿನ ಮೇಲೆ ದೂರದಿಂದ ಬಾಣ ಬಿಟ್ಟರೂ ಡಿಸ್‌ಅಡ್ವಾಂಟೇಜ್. ಪಕ್ಕದಲ್ಲೇ ನಿಂತು ಹೊಡೆಯುವವನಿಗೆ ಮಾತ್ರ ಅಡ್ವಾಂಟೇಜ್ (ಎರಡು ಸಲದಲ್ಲಿ ಹೆಚ್ಚು ಬಂದದ್ದು). ಬಾಣದ ಮಳೆ ಕಂಡ ಗಾಬ್ಲಿನ್‌ಗಳು ನೆಲ ಕಚ್ಚುವುದರಲ್ಲಿ ತಪ್ಪೇನಿಲ್ಲ.

ಆದರೆ ಮುಂದೆ ಅವಳು ಶಾರ್ಪ್‌ಶೂಟರ್ ಅನ್ನುವ ಫೀಟ್ (ಪಾತ್ರಕ್ಕೆ ಆರಿಸಿಕೊಳ್ಳುವ ವಿಶೇಷ ಕೌಶಲ) ತಗೊಂಡರೆ ಈ ಕವರ್ ಲೆಕ್ಕವೆಲ್ಲ ನಡೆಯುವುದಿಲ್ಲ. ಅರ್ಧ, ಮುಕ್ಕಾಲು ಎರಡನ್ನೂ ಆ ಫೀಟ್ ಅಳಿಸಿಹಾಕುತ್ತದೆ. ಮೇಲೆ ಗುರಿಯಲ್ಲಿ 5 ಕಳೆದುಕೊಂಡು ಡ್ಯಾಮೇಜ್‌ಗೆ 10 ಸೇರಿಸಿಕೊಳ್ಳಬಹುದು. ಬಿಲ್ಲಿನ ಗುರಿಗೆ ಆರ್ಚರಿ ಸ್ಟೈಲ್ ಕೊಡುವ 2 ಇದ್ದರೆ ಆ ನಷ್ಟವೂ ಅಷ್ಟು ಕಾಡುವುದಿಲ್ಲ. ನಿಯಮ ಬದಲಿಸಲೇಬೇಕು ಅನ್ನಿಸಿದರೆ ಇದೊಂದನ್ನು ಬದಲಿಸಿ. 2024ರ ನಿಯಮಗಳಲ್ಲಿ ಆ 5–10ರ ವ್ಯವಹಾರವನ್ನೇ ತೆಗೆದುಹಾಕಿದ್ದಾರೆ. ಅವಳು ಫೀಟ್ ಆರಿಸುವ ಮೊದಲೇ ಹೇಳಿಬಿಡಿ. ಆಮೇಲೆ ಕಿತ್ತುಕೊಂಡರೆ ಮನಸ್ಸು ಮುರಿಯುತ್ತದೆ.
— ನಿಯಮಗಳನ್ನು ಬಿಡದೆ ಓದುವ ಓದುಗ

ನಾನು ಯಾವಾಗಲೂ ಬಿಲ್ಲನ್ನೇ ಆಡುವವಳು. ನಮಗೆ ಗೆಲ್ಲುವುದಕ್ಕಿಂತ ಯಾರಾದರೂ ನಮ್ಮನ್ನು ಕಾಪಾಡುತ್ತಿದ್ದಾರೆ ಅನ್ನುವುದು ಹೆಚ್ಚು ಖುಷಿ ಕೊಡುತ್ತದೆ. ಶತ್ರುಗಳಿಗೂ ಸ್ವಲ್ಪ ಬುದ್ಧಿ ಕೊಡಿ. ಬಾಣ ಎಲ್ಲಿಂದ ಬರುತ್ತಿದೆ ಅಂತ ನೋಡಿ ಅವರು ನನ್ನ ಕಡೆಗೇ ಓಡಿಬರಲಿ. ಆಗ ಬಾಗಿಲಿಗೆ ಅಡ್ಡ ನಿಂತ ಬಾರ್ಬೇರಿಯನ್ ಇಡೀ ಯುದ್ಧದಲ್ಲಿ ಎಲ್ಲರಿಗಿಂತ ಬೇಕಾದವನಾಗುತ್ತಾನೆ. ನಾಲ್ಕನೇ ಲೆವೆಲ್‌ಗೆ ಅವನು ಸೆಂಟಿನೆಲ್ ಫೀಟ್ ತಗೊಂಡರೆ, ಅವನನ್ನು ಬಿಟ್ಟು ಮುಂದೆ ಹೋಗಲು ನೋಡಿದವನು ಆಪರ್ಚುನಿಟಿ ಅಟ್ಯಾಕ್ (ದಾಟಿ ಹೋಗುವವನಿಗೆ ಬೀಳುವ ಏಟು) ತಿಂದು ಅಲ್ಲೇ ನಿಲ್ಲಬೇಕು. ಅವನ ಸ್ಪೀಡ್ ಆ ಸರದಿಗೆ ಸೊನ್ನೆ.

ಇನ್ನೊಂದು. ಪ್ರತಿ ಯುದ್ಧವೂ 'ಎಲ್ಲರನ್ನೂ ಕೊಲ್ಲು' ಅಂತಲೇ ಇರಬೇಕಿಲ್ಲ. ಮುಚ್ಚಿಕೊಳ್ಳುತ್ತಿರುವ ಕಬ್ಬಿಣದ ಬಾಗಿಲನ್ನು ಯಾರಾದರೂ ಹೆಗಲು ಕೊಟ್ಟು ತಡೆಯಬೇಕು. ಗಾಯಗೊಂಡ ಒತ್ತೆಯಾಳನ್ನು ಹೊತ್ತು ತರಬೇಕು. ನನ್ನ ಬಾಣ ಎಷ್ಟೇ ಚೂಪಾಗಿದ್ದರೂ ಈ ಕೆಲಸಕ್ಕೆ ಬರುವುದಿಲ್ಲ.
— ಬಿಲ್ಲನ್ನೇ ಮೆಚ್ಚಿದ ಓದುಗಾರ್ತಿ

ನಾವು ಪಾತ್‌ಫೈಂಡರ್ ಅನ್ನುವ ಇಂಥದ್ದೇ ಇನ್ನೊಂದು ಆಟದ ಎರಡನೇ ಆವೃತ್ತಿ ಆಡುತ್ತೇವೆ. ಅಲ್ಲಿ ಕೈಯಲ್ಲಿ ಹಿಡಿದು ಹೊಡೆಯುವ ಆಯುಧದ ಡ್ಯಾಮೇಜ್‌ಗೆ ಸ್ಟ್ರೆಂತ್ (ಪಾತ್ರದ ತೋಳ್ಬಲದ ಅಂಕ) ಪೂರ್ತಿ ಸೇರುತ್ತದೆ. ಸಾದಾ ಬಿಲ್ಲಿಗೆ ಸೇರುವುದೇ ಇಲ್ಲ, ಕಾಂಪೊಸಿಟ್ ಬಿಲ್ಲಿಗೆ ಅರ್ಧ. ಲಾಂಗ್‌ಬೋದಿಂದ 30 ಅಡಿ ಒಳಗಿರುವವನಿಗೆ ಹೊಡೆದರೆ ಗುರಿಯಲ್ಲಿ 2 ಕಡಿತ. ಹತ್ತಿರ ಹೋಗುವವನ ಅಪಾಯಕ್ಕೆ ಆಟವೇ ಬೆಲೆ ಕಟ್ಟಿಕೊಡುತ್ತದೆ. ಹೊಸ ಕ್ಯಾಂಪೇನ್ (ಹಲವು ದಿನ ಮುಂದುವರಿಯುವ ಕಥೆ) ಶುರು ಮಾಡುವಾಗ ಒಮ್ಮೆ ಆಡಿ ನೋಡಿ.
— ಇನ್ನೊಬ್ಬ ಓದುಗ

ಎಲ್ಲಕ್ಕಿಂತ ಮೊದಲು ಗೆಳೆಯನ ಕ್ಯಾರೆಕ್ಟರ್ ಶೀಟ್ ತೆಗೆದು ನೋಡಿ. ಬಾರ್ಬೇರಿಯನ್‌ನ ಆರಂಭದ ಸಾಮಾನಿನಲ್ಲಿ ನಾಲ್ಕು ಜಾವೆಲಿನ್ ಇರುತ್ತವೆ. ಅವುಗಳ ನೆನಪು ಯಾರಿಗೂ ಇರುವುದಿಲ್ಲ. ಎಸೆಯುವುದಕ್ಕೂ ಸ್ಟ್ರೆಂತ್ ಸಾಕು. 30 ಅಡಿವರೆಗೆ ಸಲೀಸು, 120ರವರೆಗೆ ಡಿಸ್‌ಅಡ್ವಾಂಟೇಜ್. ರೇಜ್‌ನ ಹೆಚ್ಚುವರಿ ಡ್ಯಾಮೇಜ್ ಎಸೆತಕ್ಕೆ ಸಿಗುವುದಿಲ್ಲ, ಆದರೆ ಎಸೆದ ಮೇಲೆ ಶತ್ರುವಿನ ಮೇಲೆ ದಾಳಿ ಮಾಡಿದ ಲೆಕ್ಕ. ಗುರಿ ತಪ್ಪಿದರೂ ರೇಜ್ ಉಳಿಯುತ್ತದೆ. ಡ್ಯಾಶ್ ಬಿಟ್ಟು 30 ಅಡಿ ನಡೆದು ಒಂದು ಎಸೆಯಲಿ, ಮುಂದಿನ ಸುತ್ತಿನಲ್ಲಿ ಇನ್ನೊಂದು. ಶತ್ರುಗಳೂ ಈ ಕಡೆ ಬರುತ್ತಿದ್ದರೆ ಅಷ್ಟರಲ್ಲಿ ಕೊಡಲಿಗೆ ಸಿಕ್ಕೇ ಸಿಗುತ್ತಾರೆ.
— ಬಾರ್ಬೇರಿಯನ್ ಆಡುವ ಓದುಗ