ಹಿತ್ತಲ ಕೋಳಿ ಉಳಿಸಿಕೊಳ್ಳುವುದು ಹೇಗೆ? ಅನುಭವ ಇದ್ದವರು ಹೇಳಿ

ಪ್ರಶ್ನೆ, ಮದ್ದೂರು ಕಡೆಯಿಂದ:
ಮನೆ ಹಿಂದೆ ನಾಟಿ ಕೋಳಿ, ಜೊತೆಗೆ ಕೆಲವು ಗಿರಿರಾಜ ತಳಿಯ ಕೋಳಿ ಸಾಕಿದ್ದೇವೆ. ಪಕ್ಕದಲ್ಲೇ ಕಬ್ಬಿನ ಗದ್ದೆ. ಈಚೆಗೆ ಮರಿಗಳು ಹಗಲಲ್ಲೇ ಕಾಣೆಯಾಗುತ್ತಿವೆ. ಮೊನ್ನೆ ರಾತ್ರಿ ಮೊಟ್ಟೆ ಇಡುವ ಹ್ಯಾಟೆಯೊಂದು ಗೂಡಿನೊಳಗೇ ಸತ್ತುಬಿದ್ದಿತ್ತು. ಸುತ್ತ ಕೋಳಿ ಮೆಶ್ ಹಾಕಿದ್ದೇವೆ. ಇನ್ನೇನು ಮಾಡಬೇಕು?

ಪಾಂಡವಪುರದಿಂದ:
ಅಕ್ಕಾ, ಹಗಲು ಬರುವುದೂ ರಾತ್ರಿ ಬರುವುದೂ ಒಂದೇ ಪ್ರಾಣಿ ಅಲ್ಲ ಅನ್ನಿಸುತ್ತದೆ. ಮೊದಲು ಯಾವುದು ಅಂತ ಪತ್ತೆ ಮಾಡಿ, ಆಮೇಲೆ ದುಡ್ಡು ಹಾಕಿ. ಹದ್ದು, ಕಾಗೆ, ಮುಂಗುಸಿ ಹಗಲಿನವು. ಕಾಡುಬೆಕ್ಕು, ಪುನುಗು ಬೆಕ್ಕು ಹೆಚ್ಚಾಗಿ ಕತ್ತಲಾದ ಮೇಲೆ. ಬಯಲಲ್ಲಿ ಬಿಟ್ಟ ಮರಿ ಪುಕ್ಕವೂ ಸಿಗದಂತೆ ಹೋದರೆ ನನ್ನ ಅನುಮಾನ ಹದ್ದಿನ ಮೇಲೆ. ಗೂಡಲ್ಲೇ ಮೊಟ್ಟೆ, ಸಣ್ಣ ಮರಿ ಸದ್ದಿಲ್ಲದೆ ಕಡಿಮೆಯಾದರೆ ಹಾವು ಇರಬಹುದು. ನಾಯಿ ನುಗ್ಗಿದರೆ ಕೇಳಲೇಬೇಕಿಲ್ಲ, ಸಿಕ್ಕಿದ್ದನ್ನೆಲ್ಲ ಕಚ್ಚಿ ಬಿಸಾಡಿರುತ್ತದೆ. ಸಂಜೆ ಗೂಡಿನ ಸುತ್ತ ಒಲೆ ಬೂದಿ ಉದುರಿಸಿ. ಬೆಳಗ್ಗೆ ಹೆಜ್ಜೆ ಕಾಣುತ್ತದೆ. ಕಾಡುಬೆಕ್ಕಿನ ಹೆಜ್ಜೆಯಲ್ಲಿ ಉಗುರಿನ ಗುರುತು ಸಾಮಾನ್ಯವಾಗಿ ಇರುವುದಿಲ್ಲ, ನಾಯಿಯದರಲ್ಲಿ ಇರುತ್ತದೆ.

ಇನ್ನು ನಿಮ್ಮ ಮೆಶ್. ಆ ತೆಳ್ಳನೆ ಆರು ಮೂಲೆ ಕಣ್ಣಿನ ಮೆಶ್ ಕೋಳಿ ಹೊರಗೆ ಹೋಗದಂತೆ ತಡೆಯುತ್ತದೆ, ಅಷ್ಟೆ. ನಾಯಿ ಅದನ್ನು ಹರಿದುಹಾಕುತ್ತದೆ. ಬೆಕ್ಕು ಕಣ್ಣಿನೊಳಗೆ ಕಾಲು ತೂರಿಸಿ, ಅಂಚಿಗೆ ಕೂತ ಕೋಳಿಯನ್ನು ಎಳೆದು ಕೊಲ್ಲುತ್ತದೆ. ನಿಮ್ಮ ಹ್ಯಾಟೆ ಹಾಗೇ ಸತ್ತಿರಬಹುದು. ತಲೆ ಇಲ್ಲವೇ ರೆಕ್ಕೆ ಕಿತ್ತುಹೋಗಿತ್ತಾ, ಜ್ಞಾಪಿಸಿಕೊಳ್ಳಿ. ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್, ಅಂದರೆ ತಂತಿಗಳನ್ನು ಬೆಸೆದ ಗಟ್ಟಿ ಜಾಲರಿ ಹಾಕಿಸಿ. ರೇಟು ಜಾಸ್ತಿ, ನಿಜ. ಆದರೆ ಇಡೀ ಹಿತ್ತಲಿಗೆ ಬೇಕಿಲ್ಲ, ರಾತ್ರಿ ಮಲಗುವ ಗೂಡಿಗೆ ಸಾಕು. ಒಳಗೆ ಕೋಳಿ ಕೂರುವ ಗಳ ಮೆಶ್‌ಗೆ ತಾಗದಂತೆ ಒಂದಡಿ ದೂರ ಇರಲಿ. ಬುಡದಲ್ಲಿ ಮೆಶ್ ಅನ್ನು ಹೊರಗಡೆಗೆ ಮಡಚಿ ಒಂದೂವರೆ ಅಡಿಯಷ್ಟು ನೆಲಕ್ಕೆ ಹಾಸಿ, ಮೇಲೆ ಮಣ್ಣು ಎಳೆಯಿರಿ. ಹೆಗ್ಗಣ, ಮುಂಗುಸಿ ಕೆರೆಯುವುದು ಗೋಡೆ ಬುಡದಲ್ಲೇ. ಅಲ್ಲಿ ತಂತಿ ಇದ್ದರೆ ಒಳಗೆ ಬರಲು ದಾರಿಯಿಲ್ಲ.

ತಿ. ನರಸೀಪುರದಿಂದ:
ಕಬ್ಬಿನ ಗದ್ದೆ ಪಕ್ಕ ಅಂದಿರಲ್ಲ, ಅದಕ್ಕೆ ಹೇಳುತ್ತಿದ್ದೇನೆ. ಗೂಡನ್ನು ಕಬ್ಬಿನ ಅಂಚಿನಿಂದ ಮನೆ ಗೋಡೆ ಕಡೆಗೆ ತನ್ನಿ. ನಡುವಿನ ಗಿಡಗಂಟಿ ಸವರಿ. ನಮ್ಮ ಕಡೆ ಚಿರತೆಯೂ ಕಬ್ಬಿನಲ್ಲೇ ಅಡಗುತ್ತದೆ. ಕಟಾವು ಶುರುವಾದಾಗ ಒಳಗಿದ್ದ ಪ್ರಾಣಿಗಳೆಲ್ಲ ಹೊರಬೀಳುತ್ತವೆ, ಆಗ ಇನ್ನೂ ಹುಷಾರು. ರಾತ್ರಿ ಕೋಳಿ ಕೂಗಿಕೊಂಡರೆ ಒಬ್ಬರೇ ಹೊರಗೆ ಹೋಗಬೇಡಿ. ದೊಡ್ಡ ಹೆಜ್ಜೆ ಕಂಡರೆ ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ.

ಕೈಮುಗಿದು ಕೇಳುತ್ತೇನೆ, ಬೇಲಿಗೆ ಕರೆಂಟ್ ಕೊಡುವುದು, ವಿಷ ಇಡುವುದು ಮಾತ್ರ ಬೇಡ. ಅದಕ್ಕೆ ಮನೆ ಮಕ್ಕಳೇ ಬಲಿಯಾಗಬಹುದು. ಮುಂಗುಸಿ, ಕಾಡುಬೆಕ್ಕು ಕೊಲ್ಲುವುದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ ಕೂಡ.

ಮದ್ದೂರಿನವರು:
ಹ್ಯಾಟೆಯ ತಲೆ ಇರಲಿಲ್ಲ ಅಣ್ಣ. ಸರಿ, ಗೂಡಿನ ಮೆಶ್ ಬದಲಾಯಿಸುತ್ತೇವೆ. ಹಗಲು ಮರಿಗಳಿಗೆ ಏನು ಮಾಡಲಿ?

ಮೈಸೂರಿನಿಂದ:
ಹಗಲಿಗೆ ನೆರಳೇ ರಕ್ಷಣೆ. ಬಾಳೆ, ನುಗ್ಗೆ ಕೆಳಗೆ ಮೇಯುವ ಮರಿ ಹದ್ದಿನ ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ. ಮೊದಲ ಕೆಲವು ವಾರ ತಾಯಿ ಸಮೇತ ಬಿದಿರು ಮಂಕರಿ ಕೆಳಗೆ ಇಡಿ, ಮೇಲೊಂದು ಕಲ್ಲು ಹೇರಿ. ಬಿಡುವ ಜಾಗಕ್ಕೆ ಹಳೇ ಮೀನಿನ ಬಲೆ ಎಳೆದು ಕಟ್ಟಿ. ಕಾಜಾಣ ಹಕ್ಕಿ ಗೂಡು ಕಟ್ಟುವ ಮರ ಇದ್ದರೆ ಕಡಿಯಬೇಡಿ, ಅದು ಹದ್ದನ್ನು ಅಟ್ಟಿಸಿಕೊಂಡು ಹೋಗುತ್ತದೆ. ಮುಂದಿನ ಸಲ ಮರಿ ತರುವಾಗ ಗಿರಿರಾಜದ ಬದಲು ಸ್ವರ್ಣಧಾರ ತಳಿ ಕೇಳಿ. ಗಿರಿರಾಜಕ್ಕಿಂತ ಮೈ ಹಗುರ, ಅಟ್ಟಿಸಿಕೊಂಡು ಬಂದರೆ ಬೇಗ ತಪ್ಪಿಸಿಕೊಳ್ಳುತ್ತದೆ.