ಅತ್ತಿಗೆ ಎಲೆಕ್ಷನ್ನು, ಕಿಟ್ಟಿ ಕರಪತ್ರ

ಗುಂಪು: ಮೇಗಲಮನೆ ಬಳಗ

[ಕಿಟ್ಟಿ ಒಂದು ಚಿತ್ರ ಹಾಕಿದ್ದಾನೆ. ಕರಪತ್ರದ ಕರಡು: "ಹಾಲು ಉತ್ಪಾದಕರ ಸಹಕಾರ ಸಂಘದ ಚುನಾವಣೆ. ಮಹಿಳಾ ಮೀಸಲು ಸ್ಥಾನದ ಅಭ್ಯರ್ಥಿ, ನಿಮ್ಮ ಮನೆಮಗಳನ್ನು ಗೆಲ್ಲಿಸಿ. 1) ಲೀಟರಿಗೆ 3 ರೂ. ಹೆಚ್ಚು ದರ. 2) ಫ್ಯಾಟ್ ಮೋಸಕ್ಕೆ ಕಡಿವಾಣ. 3) ಹೆಚ್ಚಿನ ಬೋನಸ್."]

ಕಿಟ್ಟಿ: ಎಲ್ರೂ ಒಂದ್ಸಲ ಓದಿ. ನಾಳೆ ಪ್ರಿಂಟಿಗೆ ಕೊಡ್ತೀನಿ.

ಭಾವ: ಮೊದಲನೇ ಸಾಲು ತೆಗಿ ಕಿಟ್ಟಿ. ಊರ ಡೇರಿ ಡೈರೆಕ್ಟರು ಹಾಲಿನ ರೇಟು ಕಟ್ಟಲ್ಲ. ರೈತರಿಗೆ ಕೊಡೋ ಖರೀದಿ ದರ ಜಿಲ್ಲಾ ಹಾಲು ಒಕ್ಕೂಟದ್ದು. 2025ರ ಏಪ್ರಿಲ್ 1ರಿಂದ ನಂದಿನಿ ಹಾಲು ಲೀಟರಿಗೆ 4 ರೂ. ಏರಿದ್ದು ಬೆಂಗಳೂರಲ್ಲಿ ಆದ ತೀರ್ಮಾನ. ಸರ್ಕಾರದ ಪ್ರೋತ್ಸಾಹಧನ ನೇರ ಖಾತೆಗೆ ಬೀಳುತ್ತೆ. ಈ ಮೂರರಲ್ಲೂ ನಮ್ಮ ಕಮಿಟಿ ಕೈ ಎಲ್ಲೂ ಇಲ್ಲ.

ಚಿಕ್ಕಪ್ಪ: ಅಳಿಯಂದಿರೇ, ಕರಪತ್ರ ಅಂದ್ರೆ ಕಾಯ್ದೆ ಪುಸ್ತಕ ಅಲ್ಲ. ಆ ಕಡೆ ಗುಂಪಿನೋರು 5 ರೂ. ಅಂತ ಹಾಕ್ತಾರೆ ನೋಡ್ತಿರಿ.

ಭಾವ: ಹಾಕ್ಲಿ. ಗೆದ್ದ ಮೇಲೆ ಬಟವಾಡೆ ದಿನ ಜನ ಸಾಲುಗಟ್ಟಿ ಕೇಳೋದು ಯಾರನ್ನ? ತಂಗೀನ.

ಚಿಕ್ಕಪ್ಪ: ಕೈ ಎಲ್ಲೂ ಇಲ್ಲ ಅಂತೀರಲ್ಲ, ಡೆಲಿಗೇಟ್ ಎಲ್ಲಿಂದ ಬರ್ತಾನೆ? ಒಕ್ಕೂಟದ ಎಲೆಕ್ಷನ್ನಿಗೆ ಪ್ರತಿ ಡೇರಿಯಿಂದ ಒಬ್ಬ ಹೋಗಿ ಓಟು ಹಾಕ್ತಾನೆ. ಅವನನ್ನ ಕಳ್ಸೋದು ಆಡಳಿತ ಮಂಡಳಿ ನಿರ್ಣಯ. ನಮ್ಮಲ್ಲಿ 13 ಸ್ಥಾನ, 7 ಕೈ ನಮ್ಮ ಕಡೆ ಇದ್ರೆ ಅಧ್ಯಕ್ಷನೂ ನಮ್ಮೋನು, ಡೆಲಿಗೇಟೂ ನಮ್ಮೋನು. ಒಕ್ಕೂಟದ ಡೈರೆಕ್ಟರು ಓಟಿಗೆ ಅಂತ ಬಾಗಿಲಿಗೆ ಬಂದಾಗ ರೇಟು ಕೇಳೋಕೆ ಆಗಲ್ವಾ?

ಭಾವ: ಕೇಳೋಕೆ ಆಗುತ್ತೆ, ಒಪ್ತೀನಿ. ಹಾಗಾದ್ರೆ "ಡೆಲಿಗೇಟ್ ಯಾರಾಗ್ಬೇಕು ಅನ್ನೋದನ್ನ ಸದಸ್ಯರ ಮುಂದೆ ಚರ್ಚೆಗಿಟ್ಟು ತೀರ್ಮಾನ ಮಾಡ್ತೀವಿ" ಅಂತ ಬರೀರಿ. 3 ರೂ. ಅಂತ ಅಲ್ಲ.

ಚಿಕ್ಕಪ್ಪ: ಅದಕ್ಕೆ ಯಾರು ಓಟು ಹಾಕ್ತಾರೆ 😄

ಅಕ್ಕ: ಎರಡನೇ ಸಾಲೂ ಹಾಗೇ ಇಡ್ಬೇಡಿ. ಮೋಸ ಅಂದ ತಕ್ಷಣ ಟೆಸ್ಟರ್ ಮನೆಯೋರು, ಅವರ ಕಡೆಯೋರು ಒಂದಾಗ್ತಾರೆ. ಎಷ್ಟೋ ಸಲ ಅದು ಮೋಸಾನೂ ಅಲ್ಲ, ಅಳತೆ ತಪ್ಪು. ಕರೆದ ಹಾಲು ಬಿಸಿ ಇರುತ್ತೆ, ನೊರೆ ಇರುತ್ತೆ. ಬಿಸಿ ಹಾಲಲ್ಲಿ ಲ್ಯಾಕ್ಟೋಮೀಟರ್ (ಹಾಲಿನ ಸಾಂದ್ರತೆ ಅಳೆಯೋ ಕಡ್ಡಿ) ಜಾಸ್ತಿ ಮುಳುಗುತ್ತೆ, ಡಿಗ್ರಿ ಕಮ್ಮಿ ಕಾಣುತ್ತೆ. ಥರ್ಮಾಮೀಟರ್ ನೋಡಿ ತಿದ್ದುಪಡಿ ಮಾಡ್ದೆ ಹಾಗೇ ಬರ್ಕೊಂಡ್ರೆ ಒಂದು ಡಿಗ್ರಿ ಹೋಯ್ತು.

ಕಿಟ್ಟಿ: ಒಂದು ಡಿಗ್ರಿಗೆ ಏನಾಗುತ್ತೆ ಅಕ್ಕ?

ಅಕ್ಕ: ಎಸ್ಸೆನ್ನೆಫ್ ಅಂದ್ರೆ ಹಾಲಲ್ಲಿ ಫ್ಯಾಟು (ಕೊಬ್ಬು) ಬಿಟ್ಟು ಉಳಿದ ಘನಾಂಶ. ಅದರ ಲೆಕ್ಕದಲ್ಲಿ ಡಿಗ್ರೀನ 4ರಿಂದ ಭಾಗಿಸ್ತಾರೆ, ಆಮೇಲೆ ಫ್ಯಾಟಿನ ಪಾಲು ಕೂಡಿಸ್ತಾರೆ. ಅಂದ್ರೆ ಒಂದು ಡಿಗ್ರಿ ತಪ್ಪಿದ್ರೆ ಎಸ್ಸೆನ್ನೆಫ್ 0.25 ತಪ್ಪುತ್ತೆ. 3.5 ಫ್ಯಾಟಿನ ಹಾಲು 29 ಡಿಗ್ರಿ ಬಂದ್ರೆ ಎಸ್ಸೆನ್ನೆಫ್ 8.3 ದಾಟುತ್ತೆ. ಅದೇ ಹಾಲನ್ನ 28 ಅಂತ ಬರೆದ್ರೆ 8.1ರ ಹತ್ರ ನಿಲ್ಲುತ್ತೆ. ಹಸುವಿನ ಹಾಲಿಗೆ ಮಾನದಂಡವೇ ಫ್ಯಾಟು 3.2, ಎಸ್ಸೆನ್ನೆಫ್ 8.3. ನೀರು ಬೆರೆಸಿದೋಳು ಅನ್ನೋ ಹೆಸರು ಬರೋದು ಆ ಒಂದು ಡಿಗ್ರಿಯಿಂದ.

ಕಿಟ್ಟಿ: ನಮ್ಮೂರಲ್ಲಿ ಈಗ ಹಾಲು ಪರೀಕ್ಷೆ ಮೆಷಿನ್ ಇದೆಯಲ್ಲ?

ಅಕ್ಕ: ಮೆಷಿನ್ನು ದೇವರಲ್ಲ. ಪ್ರತಿ ಹೊತ್ತು ಹಾಲು ಮುಗಿದ ಮೇಲೆ ಕ್ಲೀನಿಂಗ್ ದ್ರಾವಣ ಹಾಯಿಸ್ದೆ ಬಿಟ್ರೆ ಒಳಗೆ ಹಾಲಿನ ಪೊರೆ ಕಟ್ಟುತ್ತೆ, ರೀಡಿಂಗ್ ಜಾರುತ್ತೆ. ಸ್ಯಾಂಪಲ್ ತೆಗೆಯೋ ಮುಂಚೆ ಹಾಲು ತಿರುವ್ದೆ ಇದ್ರೂ ಅಷ್ಟೇ: ಕೆನೆ ಮೇಲಿರುತ್ತೆ, ಮೇಲಿಂದ ತೆಗೆದ್ರೆ ಫ್ಯಾಟು ಏರುತ್ತೆ, ತಳದಿಂದ ತೆಗೆದ್ರೆ ಇಳಿಯುತ್ತೆ.

ಭಾವ: ಮೆಷಿನ್ ಸರಿ ಇದೆಯಾ ಅಂತ ತಿಳಿಯೋಕೆ ಅದೇ ಸ್ಯಾಂಪಲನ್ನ ಗರ್ಬರ್ ವಿಧಾನದಲ್ಲಿ ನೋಡ್ಬೇಕು. ಬ್ಯುಟಿರೋಮೀಟರ್ ಅನ್ನೋ ಗಾಜಿನ ಅಳತೆ ನಳಿಕೆಗೆ 10 ಮಿಲಿ ಸಲ್ಫ್ಯೂರಿಕ್ ಆಮ್ಲ, ಅದರ ಮೇಲೆ 10.75 ಮಿಲಿ ಹಾಲು, 1 ಮಿಲಿ ಅಮೈಲ್ ಆಲ್ಕೋಹಾಲು ಹಾಕಿ ಸೆಂಟ್ರಿಫ್ಯೂಜಲ್ಲಿ ತಿರುಗಿಸಿ, 65 ಡಿಗ್ರಿ ಬಿಸಿನೀರಲ್ಲಿಟ್ಟು ಓದೋದು. ಹೊಂದಿಕೆ ಆಗ್ದಿದ್ರೆ ಮೆಷಿನ್ ತಿದ್ದುಪಡಿಗೆ ಕಳ್ಸಿ ಅಂತ ಕಮಿಟಿ ನಿರ್ಣಯ ಬರೀಬಹುದು. ಇದು ಡೈರೆಕ್ಟರು ಮಾಡೋಕಾಗೋ ಕೆಲಸ.

ಅಕ್ಕ: ಅದಕ್ಕಿಂತ ದೊಡ್ಡದು ಟ್ರಕ್ ಶೀಟು, ಅಂದ್ರೆ ನಮ್ಮ ಡೇರಿ ಹಾಲನ್ನ ಒಕ್ಕೂಟದೋರು ಅಳೆದು ಕಳ್ಸೋ ಪಟ್ಟಿ. ಸದಸ್ಯರ ಪಾಸ್‌ಬುಕ್ಕಲ್ಲಿ ಆ ದಿನ ಬಿದ್ದ ಸರಾಸರಿ ಫ್ಯಾಟು 3.6 ಅಂದ್ಕೊ, ಒಕ್ಕೂಟದಿಂದ ಬಂದ ಶೀಟಲ್ಲಿ ಅದೇ ಹಾಲಿಗೆ 3.9. ಒಂದಿನ ಆದ್ರೆ ಸ್ಯಾಂಪಲ್ ಹೆಚ್ಚುಕಮ್ಮಿ ಅನ್ನಬಹುದು. ತಿಂಗಳು ಪೂರ್ತಿ ಹಾಗೇ ಬಂದ್ರೆ ಆ 0.3ರ ದುಡ್ಡು ಸಂಘದಲ್ಲಿ ಉಳೀತಿದೆ ಅಂತ ಅರ್ಥ. ಎರಡೂ ಅಂಕಿ ನೋಟಿಸ್ ಬೋರ್ಡಿಗೆ ದಿನಾ ಬರ್ಸಿದ್ರೆ ಅರ್ಧ ಜಗಳ ಅಲ್ಲೇ ಮುಗಿಯುತ್ತೆ.

ಕಿಟ್ಟಿ: ಆ ದುಡ್ಡು ಹೇಗೂ ಬೋನಸ್ ಆಗಿ ಬರುತ್ತಲ್ಲ? ಮೂರನೇ ಸಾಲು ಅದೇ.

ಭಾವ: ಪೂರ್ತಿ ಎಲ್ಲಿ ಬರುತ್ತೋ. ನಿವ್ವಳ ಲಾಭದಲ್ಲಿ ಕನಿಷ್ಠ 25% ಮೀಸಲು ನಿಧಿಗೆ ಹೋಗ್ಬೇಕು, ಆಮೇಲೆ ಉಳಿದ ನಿಧಿಗಳು, ಡಿವಿಡೆಂಡು. ಅದೂ ಆಡಿಟ್ ಆಗಿ, ಮಹಾಸಭೆ ಒಪ್ಪಿದ ಮೇಲೆ. ಫ್ಯಾಟು ಕಮ್ಮಿ ಬರೆದು ಬೋನಸ್ ಜಾಸ್ತಿ ಕೊಡೋದು ಅಂದ್ರೆ ನಿನ್ನ ಜೇಬಿನ ದುಡ್ಡನ್ನೇ ವರ್ಷ ಕಳೆದು, ಮುರಿದು ವಾಪಸ್ ಕೊಟ್ಟ ಹಾಗೆ.

ಚಿಕ್ಕಪ್ಪ: ಬೋನಸ್ ಚೆಕ್ಕು ಕೈಗೆ ಬಂದಾಗ ಆಗೋ ಖುಷಿ ಟ್ರಕ್ ಶೀಟ್ ನೋಡಿದ್ರೆ ಆಗಲ್ಲ ಅಳಿಯಂದಿರೇ. ಜನಕ್ಕೆ ಬೇಕಾದ್ದು ಅದು.

ಅಕ್ಕ: ತೂಕದ್ದೂ ಸೇರ್ಸು ಕಿಟ್ಟಿ. ಪ್ರತಿ ಸಲ 50 ಮಿಲಿ ಬಿಟ್ಟು ಬರೆದ್ರೆ ವರ್ಷಕ್ಕೆ 730 ಹೊತ್ತು, 36.5 ಲೀಟರ್ ಹೋಯ್ತು. ತೂಕದ ಮೆಷಿನ್ ಪರದೆ ಹಾಲು ಹಾಕೋರ ಕಡೆ ತಿರುಗಿರ್ಬೇಕು, ಅಷ್ಟೇ ಬೇಡಿಕೆ. ಖರ್ಚೂ ಇಲ್ಲ.

ಅತ್ತಿಗೆ: ಎಲ್ಲಾ ಸರಿ. ಮೊದ್ಲು ಇದನ್ನ ನೋಡಿ.

[ಅತ್ತಿಗೆ ಒಂದು ಚಿತ್ರ ಹಾಕಿದ್ದಾರೆ: ಕರಡು ಮತದಾರರ ಪಟ್ಟಿ. ಅತ್ತಿಗೆ ಹೆಸರಿನ ಮುಂದೆ ಕೆಂಪು ಪೆನ್ನಲ್ಲಿ "ಅನರ್ಹ"]

ಕಿಟ್ಟಿ: ಇದೇನು!!

ಭಾವ: ಕಾರಣ ಏನು ಬರ್ದಿದ್ದಾರೆ ತಂಗಿ? ಸುಸ್ತಿ ಬಾಕೀನಾ, ಹಾಲು ಕಮ್ಮೀನಾ, ಸಭೆಗೆ ಗೈರುಹಾಜರಾ?

ಅತ್ತಿಗೆ: ಹಾಲು ಕಮ್ಮಿ ಅಂತ ಸೆಕ್ರೆಟರಿ ಹೇಳಿದ್ರು ಅಣ್ಣ.

ಭಾವ: ಬೈಲಾ ನೋಡಿ. ನಮ್ಮ ಕಡೆ ಡೇರಿಗಳಲ್ಲಿ ವರ್ಷಕ್ಕೆ 180 ದಿನ, 500 ಲೀಟರ್ ಅಂತ ಇರುತ್ತೆ. ಹೆಂಗಸರು ಸಿಕ್ಕಿಬೀಳೋದು ಇಲ್ಲೇ. ಷೇರು ಅವರ ಹೆಸರಲ್ಲಿ, ಹಾಲು ಗಂಡನ ನಂಬರಿಗೆ. ರಿಜಿಸ್ಟರಲ್ಲಿ ಅವರದ್ದು ಸೊನ್ನೆ. ಹಸು ತೊಳೆದೋಳು, ಕರೆದೋಳು, ಕ್ಯಾನು ಹೊತ್ತೋಳು ಯಾರು ಅಂತ ಕಾಯ್ದೆ ಕೇಳಲ್ಲ. ಯಾವ ನಂಬರಿಗೆ ಬಿತ್ತು, ಅಷ್ಟೇ.

ಅತ್ತಿಗೆ: ಬೆಳಗಿನ ಹಾಲು ಇವರ ನಂಬರಿಗೆ, ಸಂಜೆದು ನನ್ನ ನಂಬರಿಗೆ. ದಿನಕ್ಕೆ 4 ಲೀಟರ್ ಮೇಲೇ ಬೀಳುತ್ತೆ. ಹಸು ಬತ್ತಿದ ಎರಡು ತಿಂಗಳು ಬಿಟ್ರೆ ತಪ್ಪಿಸಿಲ್ಲ. ಪಾಸ್‌ಬುಕ್ ಇದೆ.

ಅಕ್ಕ: ಎರಡು ತಿಂಗಳು ಬಿಟ್ರೂ ಹತ್ತತ್ರ 300 ದಿನ, 1200 ಲೀಟರ್ ಆಯ್ತಲ್ಲ ಅತ್ತಿಗೆ! ಸಂಜೆದನ್ನೂ ಅಣ್ಣನ ನಂಬರಿಗೇ ಬರ್ಕೊಂಡಿರ್ಬೇಕು.

ಭಾವ: ಪಾಸ್‌ಬುಕ್ಕೊಂದೇ ಸಾಲ್ದು. ಸಂಘದಿಂದ ನಿಮ್ಮ ನಂಬರಿನ ವಾರ್ಷಿಕ ಹಾಲಿನ ವಿವರ ದೃಢೀಕರಿಸಿ ಕೇಳಿ, ಬ್ಯಾಂಕ್ ಖಾತೆಗೆ ಬಿದ್ದ ಬಟವಾಡೆ ಸ್ಟೇಟ್‌ಮೆಂಟ್ ಜೊತೆಗಿಡಿ. ಆಕ್ಷೇಪಣೆ ಎರಡು ಪ್ರತಿ ಬರೀರಿ, ಸದಸ್ಯತ್ವ ಸಂಖ್ಯೆ ಹಾಕಿ. ಒಂದನ್ನ ಚುನಾವಣಾಧಿಕಾರಿಗೆ ಕೊಟ್ಟು ಇನ್ನೊಂದರ ಮೇಲೆ ದಿನಾಂಕ, ಸಮಯ, ಸೀಲು ಹಾಕಿಸ್ಕೊಳ್ಳಿ. ಬಾಯಲ್ಲಿ ಹೇಳಿ ಬಂದ್ರೆ ಲೆಕ್ಕಕ್ಕಿಲ್ಲ. ಕೊನೇ ದಿನ ಯಾವತ್ತು?

ಅತ್ತಿಗೆ: ನಾಳೆ ಸಂಜೆ.

ಭಾವ: ಹಾಗಾದ್ರೆ ಕಿಟ್ಟಿ, ಪ್ರಿಂಟು ನಿಲ್ಸು. ಅಂತಿಮ ಪಟ್ಟೀಲಿ ಹೆಸರು ಇಲ್ದೆ ಇದ್ರೆ ನಾಮಪತ್ರವೇ ಬಿದ್ದೋಗುತ್ತೆ. ಆಮೇಲೆ 1959ರ ಕಾಯ್ದೆ ಕಲಂ 70ರಲ್ಲಿ ದಾವೆ ಹಾಕ್ಕೊಂಡು ಕೂರ್ಬೇಕು, ಅಷ್ಟರಲ್ಲಿ ಇನ್ನೊಬ್ರು ಕುರ್ಚೀಲಿ ಇರ್ತಾರೆ.

ಅಕ್ಕ: ಮಹಾಸಭೆ ಹಾಜರಿ ಪುಸ್ತಕಾನೂ ನೋಡಿ ಅತ್ತಿಗೆ. ನಿಮ್ಮ ಸಾಲಲ್ಲಿ ಅಣ್ಣ ಸಹಿ ಹಾಕಿದ್ರೆ ನೀವು ಬಂದಿಲ್ಲ ಅಂತಲೇ.

ಅತ್ತಿಗೆ: ಹೋದ ಸಲ ಇವರೇ ಹಾಕಿದ್ರು. ಅದರ ಹಿಂದಿನವು ನಂದೇ.

ಭಾವ: ಬೈಲಾ ಕೇಳೋ ಸಂಖ್ಯೆಗೆ ಅಷ್ಟು ಸಾಕಾಗುತ್ತಾ ಅಂತ ನಾಳೆ ಬೆಳಿಗ್ಗೇನೇ ನೋಡ್ಬಿಡಿ.

ಚಿಕ್ಕಪ್ಪ: ಇಷ್ಟೆಲ್ಲಾ ಯಾಕಮ್ಮ. ಊರಿನೋರು ಕೂತು ಅವಿರೋಧ ಮಾಡೋಣ ಅಂತಿದ್ದಾರೆ. ಎರಡು ಮಹಿಳಾ ಸ್ಥಾನದಲ್ಲಿ ಒಂದು ನಮ್ಮ ಮನೆಗೆ ಬಿಡ್ತಾರೆ. ಖರ್ಚೂ ಇಲ್ಲ, ಮನಸ್ತಾಪಾನೂ ಇಲ್ಲ.

ಅಕ್ಕ: ಬಿಟ್ಟುಕೊಟ್ಟ ಸ್ಥಾನದಲ್ಲಿ ಕೂತು ಟ್ರಕ್ ಶೀಟ್ ಕೇಳೋಕೆ ಆಗುತ್ತಾ ಚಿಕ್ಕಪ್ಪ? ಅವಿರೋಧ ಅನ್ನೋದು ಟೀ ಕೊಟ್ಟು ಸಹಿ ಹಾಕಿಸ್ಕೊಳ್ಳೋಕೆ.

ಚಿಕ್ಕಪ್ಪ: ಐದು ವರ್ಷ ಜಗಳ ಮಾಡ್ಕೊಂಡಿರೋದು ಊರಲ್ಲಿ ಇರೋರಿಗೆ ಗೊತ್ತು ಕಣಮ್ಮ.

ಅತ್ತಿಗೆ: ಚಿಕ್ಕಮಾವ, ಎಲೆಕ್ಷನ್ನಿಗೇ ನಿಲ್ತೀನಿ. ಓಟು ಹೇಗೆ ಹಾಕ್ಬೇಕು ಅನ್ನೋದನ್ನ ಕರಪತ್ರದಲ್ಲಿ ಬರಿ ಕಿಟ್ಟಿ.

ಭಾವ: ಹ್ಞಾಂ, ಅದು ಬೇಕು. ಸಾಮಾನ್ಯ 7, ಮಹಿಳೆ 2, ಹಿಂದುಳಿದ ವರ್ಗ ಎ 1, ಬಿ 1, ಪರಿಶಿಷ್ಟ ಜಾತಿ 1, ಪರಿಶಿಷ್ಟ ಪಂಗಡ 1. ಒಬ್ಬೊಬ್ಬರಿಗೂ ಎಲ್ಲಾ ವರ್ಗದಲ್ಲೂ ಓಟಿದೆ. ಮಹಿಳಾ ಸ್ಥಾನಕ್ಕೆ ಹೆಂಗಸರು ಮಾತ್ರ ಒತ್ತೋದು ಅಂತ ತಿಳ್ಕೊಂಡಿರೋ ಗಂಡಸರು ಬೇಕಾದಷ್ಟಿದ್ದಾರೆ. ಮಹಿಳಾ ಮತಪತ್ರದಲ್ಲಿ ಮೂರು ಗುರುತು ಒತ್ತಿದ್ರೆ ಅದು ತಿರಸ್ಕೃತ. ಒಂದೇ ಒತ್ತಿದ್ರೆ ನಡೆಯುತ್ತೆ.

ಕಿಟ್ಟಿ: ಅದೇ ನಮಗೆ ಒಳ್ಳೇದಲ್ವಾ, ಒಂದೇ ಒತ್ತಿ ಅಂತ ಹೇಳೋದು?

ಭಾವ: ನಿನ್ನ ಬುದ್ಧಿ ಅಲ್ಲಿಗೇ ಓಡುತ್ತೆ 😀 ಹೇಳು, ಆದ್ರೆ ಅಚ್ಚು ಹಾಕಿಸ್ಬೇಡ.

ಅತ್ತಿಗೆ: ಸೂಚಕರಾಗಿ ಚಿಕ್ಕಮಾವನೇ ಸಹಿ ಹಾಕ್ಲಿ ಅಂತ ಅಂದ್ಕೊಂಡಿದ್ದೀನಿ.

ಭಾವ: ಅವರ ಹೆಸರು ಪಟ್ಟೀಲಿ ಅರ್ಹ ಅಂತ ಇದೆಯಾ? ಸೂಚಕರೂ ಅನುಮೋದಕರೂ ಓಟಿರೋ ಸದಸ್ಯರೇ ಆಗಿರ್ಬೇಕು.

ಅತ್ತಿಗೆ: ಪಶು ಆಹಾರದ ಬಾಕಿ ಅಂತ ಅವರ ಮುಂದೇನೂ ಕೆಂಪು ಗೆರೆ ಇದೆ ಅಣ್ಣ.

ಅಕ್ಕ: 😂😂

ಚಿಕ್ಕಪ್ಪ: ಎರಡು ಚೀಲದ ದುಡ್ಡು ಅದು. ಬಟವಾಡೇಲಿ ಮುರ್ಕೊಳ್ಳಿ ಅಂದಿದ್ದೆ, ಮುರ್ಕೊಂಡಿಲ್ಲ. ನಾಳೆ ಕಟ್ತೀನಿ ಬಿಡಿ. ಆದ್ರೆ 3 ರೂ. ಸಾಲು ಇರ್ಲಿ ಅಂತಲೇ ನನ್ನ ಮಾತು.

ಭಾವ: ಕಟ್ಟಿ ರಸೀದಿ ಇಸ್ಕೊಳ್ಳಿ ಮಾವ. ಅದರ ನಕಲನ್ನ, ಬಾಕಿ ಇಲ್ಲ ಅನ್ನೋ ಬೇಬಾಕಿ ಪತ್ರದ ಜೊತೆ ನಿಮ್ಮ ಆಕ್ಷೇಪಣೆಗೂ ಲಗತ್ತಿಸಿ, ಅದೂ ಸಂಜೆ ಒಳಗೆ.