ವಸಡಿನಿಂದ ರಕ್ತ ಬರುತ್ತದೆ, ನೋವಿಲ್ಲ. ಅಮ್ಮನಿಗೆ ಕ್ಲೀನಿಂಗ್ ಮಾಡಿಸಬಹುದಾ?

ತುಂಗೆಯ ದಡ

ನಮ್ಮದು ತೀರ್ಥಹಳ್ಳಿ ಕಡೆ. ಅಮ್ಮನಿಗೆ 58 ವರ್ಷ. ನಾಲ್ಕೈದು ವರ್ಷದಿಂದ ಹಲ್ಲುಜ್ಜುವಾಗ ರಕ್ತ ಬರುತ್ತಿದೆ. ನೋವಿಲ್ಲ ಅಂತ ಯಾರೂ ತಲೆಗೆ ಹಾಕಿಕೊಳ್ಳಲಿಲ್ಲ. ಈಗ ಕೆಳಗಿನ ಮುಂದಿನ ಹಲ್ಲುಗಳು ಉದ್ದ ಆದಂತೆ ಕಾಣುತ್ತವೆ, ನಡುವೆ ಸಂದಿ ಬಿದ್ದಿದೆ. ಒಂದು ಹಲ್ಲು ನಾಲಿಗೆ ತಾಗಿದರೆ ಅಲ್ಲಾಡುತ್ತದಂತೆ. ಏಳು ವರ್ಷದಿಂದ ಶುಗರ್ ಇದೆ. ಊಟ ಆದಮೇಲೆ ಎಲೆ ಅಡಿಕೆ ಬೇಕು, ಹೊಗೆಸೊಪ್ಪು ಹಾಕುವುದಿಲ್ಲ.

ಡಾಕ್ಟರು ಕ್ಲೀನಿಂಗ್ ಮಾಡಿಸಿ ಅಂದರು. ಆದರೆ ದೊಡ್ಡಮ್ಮ "ಕ್ಲೀನ್ ಮಾಡಿಸಿದ ಮೇಲೇ ನನ್ನ ಹಲ್ಲು ಸಡಿಲ ಆಗಿದ್ದು" ಅಂತ ಹೆದರಿಸಿಬಿಟ್ಟಿದ್ದಾರೆ. ಅಮ್ಮ ಈಗ ರಕ್ತ ಬರುವ ಕಡೆ ಬ್ರಷ್ಷೇ ಮುಟ್ಟಿಸುವುದಿಲ್ಲ. ಉಪ್ಪು ನೀರು ಮುಕ್ಕಳಿಸುತ್ತಾರೆ, ಅಷ್ಟೇ. ಏನು ಮಾಡಲಿ?

ಹಾಸನದವನು

ದಯವಿಟ್ಟು ಮಾಡಿಸಿ. ನಾನು ತಡ ಮಾಡಿ ಎರಡು ದವಡೆ ಹಲ್ಲು ಕಳೆದುಕೊಂಡವನು.

ನನಗೆ 40ರ ಹೊತ್ತಿಗೆ ರಕ್ತ ಶುರುವಾಯಿತು. ಬ್ರಷ್ ಗಟ್ಟಿ ಇರಬೇಕು ಅಂತ ಬ್ರಷ್ ಬದಲಾಯಿಸಿದೆ, ಆಮೇಲೆ ಪೇಸ್ಟ್ ಬದಲಾಯಿಸಿದೆ. ಹುಳುಕಿಲ್ಲ, ನೋವಿಲ್ಲ, ಡಾಕ್ಟರ್ ಹತ್ತಿರ ಯಾಕೆ ಅಂತ ಒಂಬತ್ತು ವರ್ಷ ಸುಮ್ನೆ ಇದ್ದೆ. ಒಂದು ದಿನ ಚಕ್ಕುಲಿ ಕಡಿದಾಗ ಬಲಗಡೆ ದವಡೆ ಹಲ್ಲು ಒಳಗೆ ಕುಸಿದ ಹಾಗಾಯಿತು. ಎಕ್ಸ್‌ರೇ ತೆಗೆದು ತೋರಿಸಿದರು. ಬೇರಿನ ಸುತ್ತ ಬೆಳ್ಳಗೆ ಮೂಳೆ ಕಾಣಬೇಕಾದ ಕಡೆ ಕಪ್ಪು. ಹಲ್ಲಿನಲ್ಲಿ ಒಂದು ಚೂರೂ ಹುಳುಕಿರಲಿಲ್ಲ. ಅಂಥ ಹಲ್ಲನ್ನು ಕೈಯಾರೆ ಕೀಳಿಸಿಕೊಂಡೆ. ಅದನ್ನು ನೆನೆದರೆ ಇವತ್ತಿಗೂ ಸಂಕಟ ಆಗುತ್ತದೆ.

ಡಾಕ್ಟರು ಹೇಳಿದ್ದು ಹೀಗೆ. ಹಲ್ಲಿನ ಬುಡದಲ್ಲಿ ಪಾಚಿ ಕೂರುತ್ತದೆ. ಬಿಟ್ಟರೆ ಎಂಜಲಿನಲ್ಲಿರುವ ಕ್ಯಾಲ್ಸಿಯಂ ಸೇರಿ ಗಾರೆಯ ಹಾಗೆ ಗಟ್ಟಿಯಾಗುತ್ತದೆ. ಆಮೇಲೆ ಅದು ಬ್ರಷ್ಷಿಗೆ ಬಗ್ಗುವುದಿಲ್ಲ. ಅಲ್ಲಿರುವ ಬ್ಯಾಕ್ಟೀರಿಯಾವನ್ನು ಎದುರಿಸಲು ಹೋಗಿ ವಸಡು ಊದಿಕೊಳ್ಳುತ್ತದೆ. ಬರೀ ವಸಡು ಊದಿರುವಾಗಲೇ ಕ್ಲೀನ್ ಮಾಡಿಸಿದರೆ ಮತ್ತೆ ಮೊದಲಿನಂತೆ ಆಗುತ್ತದೆ. ವರ್ಷಗಟ್ಟಲೆ ಊದಿಕೊಂಡೇ ಇದ್ದರೆ ಹಲ್ಲನ್ನು ಹಿಡಿದ ಮೂಳೆ ಕರಗುತ್ತಾ ಹೋಗುತ್ತದೆ. ಅದು ತಾನಾಗಿ ವಾಪಸ್ ಬೆಳೆಯುವುದಿಲ್ಲ.

ನಿಮ್ಮ ದೊಡ್ಡಮ್ಮ ಸುಳ್ಳು ಹೇಳುತ್ತಿಲ್ಲ. ನನಗೂ ಕ್ಲೀನಿಂಗ್ ಆದ ವಾರ ಹಲ್ಲೆಲ್ಲ ಸಡಿಲ ಅನ್ನಿಸಿತ್ತು, ತಣ್ಣೀರು ತಾಗಿದರೆ ಜುಮ್ ಅನ್ನುತ್ತಿತ್ತು. ಮೂಳೆ ಮೊದಲೇ ಹೋಗಿರುತ್ತದೆ. ಸಂದಿಯಲ್ಲಿ ಕಟ್ಟಿದ ಗಾರೆ ಹಲ್ಲುಗಳನ್ನು ಒಂದಕ್ಕೊಂದು ಅಂಟಿಸಿಕೊಂಡಿರುತ್ತದೆ. ಅದು ಹೋದಾಗ ಒಳಗಿನ ನಿಜ ಸ್ಥಿತಿ ಗೊತ್ತಾಗುತ್ತದೆ, ಅಷ್ಟೇ. ಊತ ಇಳಿದ ಮೇಲೆ ನನಗೆ ಉಳಿದ ಹಲ್ಲುಗಳು ಎಷ್ಟೋ ಬಿಗಿಯಾದವು.

ಮತ್ತೆ ರಕ್ತ ಬರುವ ಕಡೆಯೇ ಉಜ್ಜಬೇಕು. ಮೆತ್ತನೆ ಬ್ರಷ್ಷನ್ನು ವಸಡಿನ ಅಂಚಿಗೆ ಓರೆಯಾಗಿ ಇಟ್ಟು ನಿಧಾನವಾಗಿ ಉಜ್ಜಲು ಹೇಳಿ. ಸಂದಿಗೆ ಪುಟಾಣಿ ಬ್ರಷ್ ಸಿಗುತ್ತದೆ, ನಾನು ರಾತ್ರಿ ಅದನ್ನು ಬಳಸದೆ ಮಲಗುವುದಿಲ್ಲ.

ದಂತ ವೈದ್ಯೆ

ಮೇಲೆ ಹೇಳಿದ್ದು ಸರಿ. ಶುಗರ್ ಜಾಸ್ತಿ ಇದ್ದರೆ ವಸಡು ಬೇಗ ಹಾಳಾಗುತ್ತದೆ, ವಸಡಿನ ಊತ ಇದ್ದರೆ ಶುಗರ್ ಹತೋಟಿಗೆ ಬರುವುದೂ ಕಷ್ಟ. ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತ ಪರೀಕ್ಷೆ) ರಿಪೋರ್ಟ್ ಜೊತೆಗೆ ತೆಗೆದುಕೊಂಡು ಹೋಗಿ. ಬಿಪಿಗೆ ಆಮ್ಲೊಡಿಪಿನ್ ಮಾತ್ರೆ ಇದ್ದರೆ ಅದನ್ನೂ ಹೇಳಿ, ಕೆಲವರಿಗೆ ಅದರಿಂದ ವಸಡು ದಪ್ಪ ಆಗುತ್ತದೆ. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ.

ಉಪ್ಪು ನೀರು ಹಿತ ಕೊಡುತ್ತದೆ, ಗಾರೆ ತೆಗೆಯುವುದಿಲ್ಲ. ಅಡಿಕೆ ಬಿಡಿಸಲು ಆದರೆ ಬಿಡಿಸಿ. ಹೊಗೆಸೊಪ್ಪು ಇಲ್ಲದಿದ್ದರೂ ಅಡಿಕೆಯಿಂದ ಬಾಯಿ ಕ್ಯಾನ್ಸರ್ ಬರಬಹುದು.

ತುಂಗೆಯ ದಡ

ನಿನ್ನೆ ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿದ್ದೆ. ವಸಡಿನ ಸಂದಿಗೆ ಸಣ್ಣ ಕಡ್ಡಿ ಇಳಿಸಿ ಆಳ ಅಳೆದರು. 3 ಮಿಲಿಮೀಟರ್ ಒಳಗಿದ್ದರೆ ಸರಿಯಂತೆ. ಅಮ್ಮನಿಗೆ ಕೆಳಗೆ ಮುಂದೆ 6 ಇದೆ, ಹಿಂದೆ ಎಲ್ಲ 4. ಅಲ್ಲಾಡುವ ಹಲ್ಲನ್ನು ಈಗಲೇ ಕೀಳುವುದು ಬೇಡ, ಬೇರಿನವರೆಗೂ ಕ್ಲೀನ್ ಮಾಡಿ ನೋಡೋಣ ಅಂದರು. ಬಲಗಡೆ ಆಯಿತು, ಎಡಗಡೆ ಮುಂದಿನ ಸೋಮವಾರ. ಆಮೇಲೆ ಮೂರು ತಿಂಗಳಿಗೊಮ್ಮೆ ಬರಬೇಕಂತೆ.

ಹಾಸನದವರೇ, ನಿಮ್ಮ ಚಕ್ಕುಲಿ ಕಥೆ ಓದಿ ಹೇಳಿದ ಮೇಲೇ ಅಮ್ಮ ಹೊರಟಿದ್ದು. ಅಡಿಕೆ ವಿಷಯಕ್ಕೆ ಇನ್ನೂ ಒಪ್ಪಿಲ್ಲ.